ಕರಡು ತಿದ್ದಿದ ಕಣ್ಣಿಗೆ ಕಂಡಷ್ಟು

ಬೈಬಲಿನ ಬಗ್ಗೆ ಯಾರಾದರೂ ಕೇಳಿದಾಗ ನೀವು ತಡವರಿಸಿದ ಪ್ರಶ್ನೆ ಯಾವುದು ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಕಾಗದಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ದೇವಶಾಸ್ತ್ರ ಓದಿದವಳಲ್ಲ. ಮೂವತ್ತೊಂದು ವರ್ಷ ಅಚ್ಚಿನ ಕರಡು ತಿದ್ದಿ ಕಣ್ಣು ಸವೆಸಿದವಳು. ನನ್ನ ಉತ್ತರಗಳಲ್ಲಿ ಆ ಕಸುಬಿನ ವಾಸನೆ ಇದ್ದೇ ಇರುತ್ತದೆ.

ಅಕ್ಕಾ, ಬೈಬಲ್ ಎಂದರೆ ನಕಲಿನ ನಕಲಿನ ನಕಲು ಅನ್ನುತ್ತಾನೆ ನನ್ನ ರೂಮ್‌ಮೇಟ್. ಹಳೆಯ ಕೈಬರಹಗಳಲ್ಲಿ ನಾಲ್ಕು ಲಕ್ಷ ವ್ಯತ್ಯಾಸಗಳಿವೆಯಂತೆ. ಸುಳ್ಳು ಎಂದು ಜಗಳವಾಡಿದೆ. ಅವನು ಮೊಬೈಲ್‌ನಲ್ಲಿ ತೋರಿಸಿಯೇಬಿಟ್ಟ. ಈಗೇನು ಹೇಳಲಿ? — ಹಾಸ್ಟೆಲ್ ವಿದ್ಯಾರ್ಥಿ

ಮೊದಲು ಹೋಗಿ ‘ನೀನು ಹೇಳಿದ ಲೆಕ್ಕ ಸರಿ’ ಎಂದು ಒಪ್ಪಿಕೊಂಡು ಬಾ, ತಮ್ಮಾ. ನಾಲ್ಕು ಲಕ್ಷ ಎನ್ನುವುದು ವಿದ್ವಾಂಸರದ್ದೇ ಅಂದಾಜು. ಅದಕ್ಕಿಂತ ಹೆಚ್ಚು ಹೇಳುವವರೂ ಇದ್ದಾರೆ. ಗೊತ್ತಿಲ್ಲದ್ದನ್ನು ಸುಳ್ಳು ಅಂದದ್ದು ನಿನ್ನ ತಪ್ಪು. ಅದನ್ನು ಒಪ್ಪಿಕೊಳ್ಳದೆ ಮುಂದಿನ ಮಾತು ಎತ್ತಿದರೆ ಅವನು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಇನ್ನು ಲೆಕ್ಕದ ಒಳಗೆ ಹೋಗೋಣ. ಹೊಸ ಒಡಂಬಡಿಕೆಯ ಗ್ರೀಕ್ ಕೈಬರಹಗಳು, ಚೂರುಪಾರುಗಳೂ ಸೇರಿ, 5,000ಕ್ಕೂ ಹೆಚ್ಚು ಉಳಿದುಬಂದಿವೆ. ಒಂದೇ ಪುಸ್ತಕವನ್ನು ಸಾವಿರಾರು ಜನ, ಸಾವಿರಾರು ಕಡೆ, ದೀಪದ ಬೆಳಕಿನಲ್ಲಿ ಕೈಯಿಂದ ಬರೆದರೆ ತಪ್ಪಾಗದೆ ಇರುತ್ತದೆಯೇ? ನಾಲ್ಕು ಜನ ನೋಡಿ ಅಚ್ಚಿಗೆ ಕಳಿಸಿದ ಪುಸ್ತಕದಲ್ಲೇ ಮುಖಪುಟದ ಮೇಲೆ ತಪ್ಪು ಉಳಿದದ್ದನ್ನು ಕಂಡವಳು ನಾನು. ತಪ್ಪು ಎಷ್ಟಿದೆ ಎಂದು ಕೇಳಿ ಸುಮ್ಮನಾದರೆ ಏನೂ ತಿಳಿಯುವುದಿಲ್ಲ. ಎಂಥ ತಪ್ಪು ಎಂದು ನೋಡಬೇಕು.

ಬಹುಪಾಲು ಕಾಗುಣಿತದವು, ಪದಗಳು ಹಿಂದುಮುಂದಾದವು. ಕೆಲವು ನನ್ನ ಕಸುಬಿನವರಿಗೆ ನಗು ತರಿಸುವಂಥವು. ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರ 2:7ರಲ್ಲಿ ಪೌಲನು ‘ನಾವು ನಿಮ್ಮ ನಡುವೆ ಮೃದುವಾಗಿದ್ದೆವು’ ಅನ್ನುತ್ತಾನೆ. ಹಲವು ಹಳೆಯ ಪ್ರತಿಗಳಲ್ಲಿ ಅದು ‘ಶಿಶುಗಳಾಗಿದ್ದೆವು’ ಎಂದಿದೆ. ಗ್ರೀಕಿನಲ್ಲಿ ಏಪಿಯೊಯಿ ಎಂದರೆ ಮೃದು, ನೇಪಿಯೊಯಿ ಎಂದರೆ ಶಿಶುಗಳು. ಒಂದು ‘ನ’ಕಾರದ ಆಟ. ಅದರ ಹಿಂದಿನ ಪದವೂ ‘ನ್’ ಎಂದೇ ಮುಗಿಯುವುದರಿಂದ, ಬರೆಯುವವನು ಒಂದು ‘ನ’ ಹೆಚ್ಚು ಹಾಕಿದನೋ ಒಂದು ನುಂಗಿದನೋ ಎಂದು ಇವತ್ತಿಗೂ ಚರ್ಚೆಯಿದೆ.

ಇನ್ನೊಂದು ನನಗೆ ಚೆನ್ನಾಗಿ ಗೊತ್ತಿರುವ ತಪ್ಪು: ಕಣ್ಣು ಜಾರುವುದು. ಎರಡು ಸಾಲು ಒಂದೇ ಪದದಲ್ಲಿ ಮುಗಿದರೆ, ಮೊದಲನೆಯದನ್ನು ಬರೆದು ತಲೆಯೆತ್ತಿದ ಕಣ್ಣು ಎರಡನೆಯದರ ಕೊನೆಗೆ ಹೋಗಿ ಕೂರುತ್ತದೆ. ನಡುವಿನ ಸಾಲು ಮಾಯ. ಯೋಹಾನನ ಮೊದಲನೆಯ ಪತ್ರ 2:23ರಲ್ಲಿ ಮಗನನ್ನು ಅಲ್ಲಗಳೆಯುವವನ ಬಗ್ಗೆ ಒಂದು ಮಾತು, ಒಪ್ಪುವವನ ಬಗ್ಗೆ ಇನ್ನೊಂದು. ಗ್ರೀಕಿನಲ್ಲಿ ಎರಡೂ ಒಂದೇ ಮೂರು ಪದಗಳಲ್ಲಿ ಮುಗಿಯುತ್ತವೆ. ಮುಂದಿನ ಕಾಲದ ಎಷ್ಟೋ ಪ್ರತಿಗಳಲ್ಲಿ ಎರಡನೆಯ ಮಾತು ಇಲ್ಲವೇ ಇಲ್ಲ. ಇದು ಯಾರದೋ ಸಂಚಲ್ಲ, ದಣಿದ ಕಣ್ಣು.

ಇಲ್ಲಿ ಒಂದು ಸ್ವಾರಸ್ಯ ನೋಡು. ಪ್ರತಿ ಒಂದೇ ಇದ್ದಿದ್ದರೆ ಆ ಸಾಲು ಹೋದದ್ದು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಸಾವಿರ ಪ್ರತಿ ಇರುವುದರಿಂದ, ಒಬ್ಬ ತಪ್ಪಿದಲ್ಲಿ ಇನ್ನೊಬ್ಬ ತಪ್ಪದೆ ಇರುವುದರಿಂದ, ಒಂದರ ಪಕ್ಕ ಒಂದಿಟ್ಟು ಹಿಡಿಯಬಹುದು. ನಿನ್ನ ರೂಮ್‌ಮೇಟ್ ಎಣಿಸಿದ ನಾಲ್ಕು ಲಕ್ಷವೂ ಸಿಕ್ಕಿಬಿದ್ದದ್ದು ಪ್ರತಿಗಳು ಅಷ್ಟು ಇರುವುದರಿಂದಲೇ.

ಎಲ್ಲವೂ ಚಿಲ್ಲರೆ ಎಂದೂ ಹೇಳಬೇಡ. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು, ಅಂದರೆ 16:9ರಿಂದ 20, ನಾಲ್ಕನೆಯ ಶತಮಾನದ ಎರಡು ಮುಖ್ಯ ಪ್ರತಿಗಳಾದ ಸಿನಾಯ್ಟಿಕಸ್, ವ್ಯಾಟಿಕಾನಸ್‌ಗಳಲ್ಲಿ ಇಲ್ಲ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆ, ಯೋಹಾನ 7:53ರಿಂದ 8:11, ಅತ್ಯಂತ ಹಳೆಯ ಪ್ರತಿಗಳಲ್ಲಿ ಇಲ್ಲ. ನನಗೆ ಪ್ರಾಣದಷ್ಟು ಪ್ರಿಯವಾದ ಕಥೆ ಅದು. ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೂ ಬರೆಯಬೇಕು. ಯೋಹಾನನ ಮೊದಲನೆಯ ಪತ್ರ 5:7ರಲ್ಲಿ ತ್ರಯೇಕತ್ವವನ್ನು, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಎಂಬುದನ್ನು, ಬಿಡಿಸಿ ಹೇಳುವ ಸಾಲಂತೂ ಹಳೆಯ ಗ್ರೀಕ್ ಪ್ರತಿಗಳಲ್ಲಿ ಸಿಗುವುದಿಲ್ಲ. ವಿದ್ವಾಂಸ ಎರಾಸ್ಮಸ್ 1516ರಲ್ಲೂ 1519ರಲ್ಲೂ ಅಚ್ಚು ಮಾಡಿಸಿದ ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಅದಿರಲಿಲ್ಲ, 1522ರಲ್ಲಿ ಸೇರಿತು. ಇವು ಯಾವುವೂ ಗುಟ್ಟಲ್ಲ. ಈಗಿನ ಎಷ್ಟೋ ಅನುವಾದಗಳು ಅಡಿಟಿಪ್ಪಣಿಯಲ್ಲೇ ಹೇಳುತ್ತವೆ. ನಾವು ಅಡಿಟಿಪ್ಪಣಿ ಓದುವುದಿಲ್ಲ, ಅಷ್ಟೇ.

ಹಳೆಯ ಒಡಂಬಡಿಕೆಯ ಮಾತು ಬಂದರೆ, 1947ರಲ್ಲಿ ಮೃತ ಸಮುದ್ರದ ದಡದ ಗುಹೆಯಲ್ಲಿ ಸಿಕ್ಕ ಯೆಶಾಯನ ಸುರುಳಿಯನ್ನು ನೆನಪಿಸು. ಏಳು ಮೀಟರಿಗೂ ಉದ್ದ. ಅಲ್ಲಿಯವರೆಗೆ ಕೈಯಲ್ಲಿದ್ದ ಹೀಬ್ರೂ ಪ್ರತಿಗಳಿಗಿಂತ ಅದು ಸುಮಾರು ಸಾವಿರ ವರ್ಷ ಹಳೆಯದು. ಕಾಗುಣಿತದಲ್ಲಿ, ಬಿಡಿ ಪದಗಳಲ್ಲಿ ಬೇಕಾದಷ್ಟು ವ್ಯತ್ಯಾಸ. ಪುಸ್ತಕ ಮಾತ್ರ ಅದೇ ಯೆಶಾಯ.

ಕೊನೆಗೆ ಅವನು ಕೇಳದಿದ್ದರೂ ನೀನೇ ಹೇಳಬೇಕಾದದ್ದು ಒಂದಿದೆ. ಬರಹ ಚೆನ್ನಾಗಿ ಉಳಿದುಬಂದಿದೆ ಎಂದ ಮಾತ್ರಕ್ಕೆ ಅದರಲ್ಲಿ ಬರೆದದ್ದು ನಿಜ ಎಂದಾಗುವುದಿಲ್ಲ. ಒಂದೂ ತಪ್ಪಿಲ್ಲದೆ ಅಚ್ಚಾದ ಹಸಿಸುಳ್ಳುಗಳನ್ನು ನಾನೇ ತಿದ್ದಿ ಕಳಿಸಿದ್ದೇನೆ.

ಮೇಡಂ, ಯೆಹೋಶುವನ ಕಾಲದಲ್ಲಿ ಸೂರ್ಯ ನಿಂತ ದಿನವನ್ನು ನಾಸಾ ಕಂಪ್ಯೂಟರ್ ಕಂಡುಹಿಡಿಯಿತು ಎಂಬ ಸಂದೇಶ ನಮ್ಮ ಸಭೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದಿದೆ. ಬೇರೆ ನಂಬಿಕೆಯ ಗೆಳತಿಯರಿಗೂ ಕಳಿಸಲೇ? — ಗೃಹಿಣಿ

ಕಳಿಸಬೇಡಿ. ಅದು ಕಟ್ಟುಕಥೆ. ಬಹಳ ವರ್ಷಗಳಿಂದ ಸುತ್ತುತ್ತಿದೆ, ನಾಸಾ ಅಂಥದ್ದೇನನ್ನೂ ಕಂಡುಹಿಡಿದಿಲ್ಲ. ಇಂಥದ್ದೊಂದನ್ನು ಕಳಿಸಿ ಸಿಕ್ಕಿಬಿದ್ದರೆ, ಮುಂದೆ ನೀವು ನಿಜವಾದದ್ದನ್ನೇ ಹೇಳಿದರೂ ಗೆಳತಿಯರು ಅದನ್ನು ಇದೇ ಸಾಲಿಗೆ ಸೇರಿಸುತ್ತಾರೆ. ಐದನೆಯ ಶತಮಾನದ ಆರಂಭದಲ್ಲೇ ಬಿಷಪ್ ಅಗಸ್ಟೀನ್, ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ವ್ಯಾಖ್ಯಾನದಲ್ಲಿ, ಈ ಬಗ್ಗೆ ಸಿಟ್ಟಾಗಿದ್ದಾನೆ. ಆಕಾಶ, ನಕ್ಷತ್ರಗಳ ವಿಷಯ ಅರಿತ ಪರರ ಮುಂದೆ ಕ್ರೈಸ್ತನೊಬ್ಬ ಶಾಸ್ತ್ರದ ಹೆಸರಿನಲ್ಲಿ ಅಸಂಬದ್ಧ ಮಾತಾಡಿದರೆ, ಅವರು ಪುನರುತ್ಥಾನದ ಮಾತನ್ನು ಹೇಗೆ ನಂಬಿಯಾರು ಎಂಬುದು ಅವನ ಅಳಲು. ಗುಂಪಿನಲ್ಲಿ ಹಾಕಿದವರಿಗೆ ಎಲ್ಲರೆದುರು ಬೇಡ, ಒಬ್ಬರಿಗೇ ಫೋನ್ ಮಾಡಿ ತಿಳಿಸಿ.

ಯೇಸು ಇದ್ದನೆಂಬುದಕ್ಕೆ ಬೈಬಲಿನ ಹೊರಗೆ ಏನಾದರೂ ಸಾಕ್ಷಿ ಇದೆಯೇ ಎಂದು ಸಹೋದ್ಯೋಗಿಯೊಬ್ಬರು ಕೇಳುತ್ತಾರೆ. ಪುನರುತ್ಥಾನಕ್ಕೂ ಇದೆಯೇ? — ಬ್ಯಾಂಕ್ ನೌಕರ

ಇವು ಎರಡು ಪ್ರಶ್ನೆಗಳು. ಒಂದರ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಬೇಡಿ.

ಮೊದಲನೆಯದಕ್ಕೆ ಉತ್ತರ ಗಟ್ಟಿಯಾಗಿದೆ. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಎರಡನೆಯ ಶತಮಾನದ ಆರಂಭದಲ್ಲಿ, ಕ್ರಿಸ್ತನಿಗೆ ತಿಬೇರಿಯನ ಆಳ್ವಿಕೆಯಲ್ಲಿ ಪೊಂತ್ಯ ಪಿಲಾತನ ಕೈಯಲ್ಲಿ ಮರಣದಂಡನೆಯಾಯಿತು ಎಂದು ಬರೆದ. ಅವನಿಗೆ ಕ್ರೈಸ್ತರೆಂದರೆ ತಿರಸ್ಕಾರ, ಮುಲಾಜಿಗೆ ಬರೆದವನಲ್ಲ. ಯೆಹೂದ್ಯ ಇತಿಹಾಸಕಾರ ಜೋಸೆಫಸ್, ‘ಕ್ರಿಸ್ತನೆಂದು ಕರೆಯಲ್ಪಟ್ಟ ಯೇಸುವಿನ ತಮ್ಮ’ ಯಾಕೋಬನ ಕೊಲೆಯನ್ನು ದಾಖಲಿಸುತ್ತಾನೆ. ಯೇಸುವನ್ನು ಹಾಡಿ ಹೊಗಳುವ ಅವನ ಇನ್ನೊಂದು ಭಾಗವನ್ನು ಮಾತ್ರ ತೋರಿಸಲು ಹೋಗಬೇಡಿ. ಅದರಲ್ಲಿ ಮುಂದೆ ಕ್ರೈಸ್ತರ ಕೈ ಸೇರಿದೆ ಎಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ. ಇನ್ನು ಪಿಲಾತ: ಅವನ ಹೆಸರು ಕೆತ್ತಿದ ಕಲ್ಲೇ 1961ರಲ್ಲಿ ಕೈಸರೈಯದ ಅವಶೇಷಗಳಲ್ಲಿ ಸಿಕ್ಕಿತು.

ಎರಡನೆಯದಕ್ಕೆ ಕಲ್ಲೂ ಇಲ್ಲ, ರೋಮಿನ ದಾಖಲೆಯೂ ಇಲ್ಲ. ಇರುವುದು ಸಾಕ್ಷಿಗಳ ಮಾತು, ಅದೂ ಬೈಬಲಿನ ಒಳಗೆ. ಆದರೆ ಒಳಗಿದೆ ಎಂದೇ ಅದನ್ನು ಎತ್ತಿ ಹೊರಗೆಸೆಯಲೂ ಬರುವುದಿಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರ ಮೊದಲ ಶತಮಾನದ ಐವತ್ತರ ದಶಕದ್ದು, ಸುವಾರ್ತೆಗಳಿಗಿಂತ ಹಿಂದಿನದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಅದರ 15ನೆಯ ಅಧ್ಯಾಯದಲ್ಲಿ ಪೌಲನು ತಾನು ಇತರರಿಂದ ಕೇಳಿ ತಿಳಿದದ್ದನ್ನೇ ದಾಟಿಸುತ್ತಿದ್ದೇನೆ ಎಂದು ಹೇಳಿ, ಕೇಫ (ಅಂದರೆ ಪೇತ್ರ), ಯಾಕೋಬ ಎಂದು ಹೆಸರು ಹಿಡಿದು ಪಟ್ಟಿ ಕೊಡುತ್ತಾನೆ. ಐನೂರಕ್ಕೂ ಹೆಚ್ಚು ಜನ ಕಂಡರು, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅನ್ನುತ್ತಾನೆ. ಬೇಕಿದ್ದರೆ ಹೋಗಿ ಕೇಳಿ ಎಂಬ ಧಾಟಿ ಅದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಬರಿದಾದ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು ಎಂದು ನಾಲ್ಕೂ ಸುವಾರ್ತೆಗಳು ಹೇಳುತ್ತವೆ. ಆ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಬೆಲೆ ಕಡಿಮೆ. ಎರಡನೆಯ ಶತಮಾನದ ಟೀಕಾಕಾರ ಸೆಲ್ಸಸ್, ಯಾರೋ ಅರೆಹುಚ್ಚಿ ಹೆಂಗಸು ಕಂಡಳಂತೆ ಎಂದು ಆಡಿಕೊಂಡ. ಅವನಿಗೆ ಉತ್ತರವಾಗಿ ಕ್ರೈಸ್ತ ಪಂಡಿತ ಓರಿಜೆನ್ ಬರೆದ ಗ್ರಂಥದಲ್ಲಿ ಆ ಕುಹಕ ಹಾಗೇ ಉಳಿದಿದೆ. ಕಥೆ ಕಟ್ಟುವವನಾದರೆ ಇಂಥ ಸಾಕ್ಷಿಗಳನ್ನು ಕರಡಿನಲ್ಲೇ ಹೊಡೆದುಹಾಕುತ್ತಿದ್ದ. ಅವರು ಹೊಡೆದುಹಾಕಲಿಲ್ಲ. ಇದು ಗಣಿತದ ಪುರಾವೆಯಲ್ಲ, ತೂಗಿ ನೋಡಬೇಕಾದ ಸಂಗತಿ. ನಾನು ತೂಗಿ ನಂಬಿದವಳು. ನಿಮ್ಮ ಸಹೋದ್ಯೋಗಿ ತೂಗಿ ನಂಬದೆಯೂ ಇರಬಹುದು, ಅದರಿಂದ ಅವರನ್ನು ದಡ್ಡರೆನ್ನಲಾಗದು.

ಅಮ್ಮಾ, ನನ್ನ ತಂಗಿಯ ಮಗು ತೀರಿಹೋಗಿ ಎರಡು ತಿಂಗಳು. ‘ದೇವರು ಇದ್ದರೆ ಯಾಕೆ ಹೀಗೆ’ ಎಂದು ಕೇಳಿದಳು. ಮನುಷ್ಯನ ಸ್ವತಂತ್ರ ಇಚ್ಛೆಯಿಂದ ಲೋಕಕ್ಕೆ ನೋವು ಬಂತು ಎಂದು ಒಂದು ಗಂಟೆ ವಿವರಿಸಿದೆ. ಅಂದಿನಿಂದ ನನ್ನ ಫೋನ್ ಎತ್ತುತ್ತಿಲ್ಲ. — ಒಬ್ಬ ಅಣ್ಣ

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ನೀವು ಮಾಡಿದ್ದನ್ನೇ ನಾನೂ ಒಮ್ಮೆ ಮಾಡಿದ್ದೇನೆ. ಗೆಳತಿಯ ಮಗ ಹೋದ ದಿನ, ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಳ ಕೈ ಹಿಡಿದು, ದೇವರು ಎಲ್ಲವನ್ನೂ ಒಳ್ಳೆಯದಕ್ಕೇ ತಿರುಗಿಸುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರದ ವಚನ ಹೇಳಿದೆ. ಎರಡು ವರ್ಷ ಅವಳು ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ಅಂದಳು: “ನೀನು ಅವತ್ತು ಹೇಳಿದ್ದು ಸರಿಯೇ ಇರಬಹುದು. ಆದರೆ ನನಗೆ ಹೇಳಿದ್ದಲ್ಲ ಅದು. ನಿನ್ನ ಭಯಕ್ಕೆ ನೀನೇ ಹೇಳಿಕೊಂಡದ್ದು.”

ಮೊದಲು ತರ್ಕದ ಮಾತೇ ಮುಗಿಸುತ್ತೇನೆ. ಸ್ವತಂತ್ರ ಇಚ್ಛೆಯ ವಾದ ಕೊಲೆಗೆ, ಯುದ್ಧಕ್ಕೆ, ಮೋಸಕ್ಕೆ ಒಂದು ಮಟ್ಟಿಗೆ ಒಪ್ಪುತ್ತದೆ. ಮಗುವಿನ ಕಾಯಿಲೆಗೆ ಅದನ್ನು ಎಳೆದು ತಂದರೆ ಹರಿಯುತ್ತದೆ. ಅಲ್ಲಿ ಯಾರ ಇಚ್ಛೆ? ಅವಳಿಗೂ ಅದು ಹೊಳೆದಿರುತ್ತದೆ.

ಇನ್ನು, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗ್ರಂಥ ತೆರೆಯಿರಿ. ಗೆಳೆಯರು ಮೂವರು ಬಂದು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತರು. ಅಷ್ಟರವರೆಗೆ ಅವರದು ಒಂದೂ ತಪ್ಪಿಲ್ಲ. ಬಾಯಿ ತೆರೆದದ್ದೇ ಕೆಟ್ಟಿತು. ಅವರು ಆಡಿದ್ದೆಲ್ಲ ದೇವರ ಪರವಾದ ವಾದವೇ. ಆದರೆ 42ನೆಯ ಅಧ್ಯಾಯದಲ್ಲಿ ದೇವರಿಗೆ ಸಿಟ್ಟು ಬಂದದ್ದು ದೇವರನ್ನೇ ಪ್ರಶ್ನಿಸಿದ ಯೋಬನ ಮೇಲಲ್ಲ, ಈ ವಕೀಲರ ಮೇಲೆ. 88ನೆಯ ಕೀರ್ತನೆ ಕತ್ತಲೆ ಎಂಬ ಪದದಲ್ಲೇ ಮುಗಿದುಹೋಗುತ್ತದೆ. ಮೊದಲ ಸಲ ಓದಿದಾಗ ಮುಂದಿನ ಪುಟ ಬಿಟ್ಟುಹೋಗಿದೆಯೇನೋ ಎಂದು ನನ್ನ ಕಸುಬಿನ ಬುದ್ಧಿಗೆ ಅನ್ನಿಸಿತು. ಬಿಟ್ಟಿರಲಿಲ್ಲ.

ಯೋಹಾನ 11ನ್ನೂ ನಿಧಾನ ಓದಿ. ಲಾಜರ ಸತ್ತಾಗ ಮಾರ್ಥಳೂ ಮರಿಯಳೂ ಯೇಸುವಿಗೆ ಒಂದೇ ಮಾತು ಹೇಳುತ್ತಾರೆ: ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಮಾರ್ಥಳಿಗೆ ಸಿಕ್ಕಿದ್ದು ಪುನರುತ್ಥಾನದ ಮಾತು. ಮರಿಯಳ ಮುಂದೆ ಅವನು ಅತ್ತ, ಅಷ್ಟೇ. ದೂರು ಒಂದೇ, ಉತ್ತರ ಎರಡು. ನಿಮ್ಮ ತಂಗಿಯನ್ನು ನೀವು ಮಾರ್ಥ ಅಂದುಕೊಂಡಿರಿ.

ಫೋನ್ ಬೇಡ. ಹೋಗಿ. “ಅವತ್ತು ಬಹಳ ಮಾತಾಡಿಬಿಟ್ಟೆ, ತಪ್ಪಾಯ್ತು” ಎಂದು ಹೇಳಿ ಕೂತುಕೊಳ್ಳಿ. ಮಗುವಿನ ಹೆಸರು ಹಿಡಿದು ಮಾತಾಡಿ. ಎಲ್ಲರೂ ಆ ಹೆಸರನ್ನು ಬಾಯಿಗೆ ತರಲು ಹೆದರುತ್ತಿರುತ್ತಾರೆ.

ಬಿಗ್ ಬ್ಯಾಂಗ್ ಒಪ್ಪಿದರೆ ಆದಿಕಾಂಡ ಬಿಟ್ಟಹಾಗಲ್ಲವೇ? ಇನ್ನೊಂದು ಸಮಸ್ಯೆ: ವಾದದಲ್ಲಿ ನನ್ನ ಭಾವ ಪ್ರತಿ ಸಲವೂ ಗೆಲ್ಲುತ್ತಾರೆ. ಉತ್ತರ ನನಗೆ ರಾತ್ರಿ ಮಲಗಿದ ಮೇಲೆ ಹೊಳೆಯುತ್ತದೆ. — ಶಾಲಾ ಶಿಕ್ಷಕಿ

ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕ ಹಾಕಿ ತೋರಿಸಿದ ಜಾರ್ಜ್ ಲೆಮೆತ್ರ್ ಕ್ಯಾಥೋಲಿಕ್ ಪಾದ್ರಿ. ಅದು ಒಂದು ಆದಿಮ ಅಣುವಿನಿಂದ ಹೊರಟಿರಬೇಕೆಂದು, ಅಂದರೆ ನೀವು ಹೇಳುವ ಬಿಗ್ ಬ್ಯಾಂಗಿನ ಮೊದಲ ರೂಪವನ್ನು, 1931ರಲ್ಲಿ ಹೇಳಿದವರೂ ಅವರೇ. 1951ರಲ್ಲಿ ಹನ್ನೆರಡನೆಯ ಪಿಯೂಸ್ ಪೋಪರು ಇದು ಸೃಷ್ಟಿಗೇ ಪುರಾವೆ ಎಂಬ ಧಾಟಿಯಲ್ಲಿ ಮಾತಾಡಿದಾಗ ಲೆಮೆತ್ರ್‌ಗೆ ಹಿಡಿಸಲಿಲ್ಲ. ತನ್ನ ಲೆಕ್ಕವನ್ನು ದೇವರ ಪರವಾಗಿಯೂ ವಿರುದ್ಧವಾಗಿಯೂ ಎಳೆಯಬಾರದು ಎಂಬುದು ಅವರ ನಿಲುವು. ಅಂಥವರೇ ಎರಡನ್ನೂ ಹಿಡಿದುಕೊಂಡಿದ್ದರು, ನೀವೂ ಹಿಡಿದುಕೊಳ್ಳಬಹುದು.

ಭಾವನವರ ವಿಷಯ. ಕೇಳಿದವರಿಗೆ ಉತ್ತರ ಹೇಳಲು ಸಿದ್ಧರಾಗಿರಿ ಅನ್ನುವ ಪೇತ್ರನ ಮೊದಲನೆಯ ಪತ್ರ 3:15 ಎಲ್ಲರಿಗೂ ಬಾಯಿಪಾಠ. ಆದರೆ ಅದು ಅಲ್ಲಿಗೆ ನಿಲ್ಲುವುದಿಲ್ಲ. ಸೌಮ್ಯವಾಗಿ, ಮರ್ಯಾದೆಯಿಂದ ಹೇಳಿ ಎಂದೂ ಸೇರಿಸುತ್ತದೆ. ತಕ್ಷಣ ಹೇಳಿ ಎಂದಂತೂ ಎಲ್ಲೂ ಇಲ್ಲ. ಅಥೆನ್ಸಿನ ಅರಿಯೊಪಾಗ ಎಂಬ ಸಭೆಯಲ್ಲಿ ಪೌಲನು ಅವರದೇ ಕವಿಯ ಮಾತು ಎತ್ತಿ ಮಾತಾಡಿದ. ಕೆಲವರು ನಕ್ಕರು, ಕೆಲವರು ಇನ್ನೊಮ್ಮೆ ಕೇಳುತ್ತೇವೆ ಅಂದರು, ಬೆರಳೆಣಿಕೆಯವರು ನಂಬಿದರು. “ಗೊತ್ತಿಲ್ಲ ಭಾವ, ಓದಿಕೊಂಡು ಬಂದು ಹೇಳುತ್ತೇನೆ” ಅನ್ನಿ. ಆಮೇಲೆ ನಿಜವಾಗಿ ಓದಿ, ನಿಜವಾಗಿ ಹೋಗಿ ಹೇಳಿ. ಎರಡನೆಯದನ್ನೇ ನಾವು ಮರೆಯುವುದು.

ಕರಡಿನಲ್ಲಿ ಅನುಮಾನ ಬಂದ ಕಡೆ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಲೇಖಕರಿಗೆ ಕಳಿಸುವುದು ನಮ್ಮ ಪದ್ಧತಿ. ನನ್ನ ಬೈಬಲಿನಲ್ಲೂ ಪೆನ್ಸಿಲಿನಲ್ಲಿ ಅಂಥ ಚಿಹ್ನೆಗಳಿವೆ. ಮತ್ತಾಯ 27:5ರಲ್ಲಿ, ಯೇಸುವನ್ನು ಹಿಡಿದುಕೊಟ್ಟ ಯೂದನು ನೇಣು ಹಾಕಿಕೊಳ್ಳುತ್ತಾನೆ. ಅಪೊಸ್ತಲರ ಕೃತ್ಯಗಳು 1:18ರಲ್ಲಿ ಬಿದ್ದು ಹೊಟ್ಟೆ ಒಡೆದು ಸಾಯುತ್ತಾನೆ. ಎರಡನ್ನೂ ಹೊಂದಿಸುವ ವಿವರಣೆಗಳನ್ನು ಓದಿದ್ದೇನೆ. ಪೂರ್ತಿ ಒಪ್ಪಿಗೆಯಾಗಿಲ್ಲ, ಚಿಹ್ನೆ ಅಳಿಸಿಲ್ಲ. ಭಾನುವಾರ ಅದೇ ಪುಸ್ತಕ ಹಿಡಿದುಕೊಂಡೇ ಸಭೆಗೆ ಹೋಗುತ್ತೇನೆ.

ಅಂದಹಾಗೆ, ನಾಲ್ಕು ಪುಟದ ನಿಮ್ಮ ಕಾಗದದಲ್ಲಿ ಸೋತದ್ದೆಲ್ಲ ಇದೆ. ಭಾವ ಕೇಳಿದ ಪ್ರಶ್ನೆ ಯಾವುದು ಎಂದು ಮಾತ್ರ ಎಲ್ಲೂ ಇಲ್ಲ. ಅವರನ್ನೇ ಇನ್ನೊಮ್ಮೆ ಕೇಳಿ, ಅವರ ಮಾತಿನಲ್ಲೇ ಬರೆದು ಕಳಿಸಿ.