ಮೂಳೆಗೆ ಜೆಲ್ ಹಾಕಿದರೆ ಕೀವು ನಿಲ್ಲುತ್ತದಾ?

ಪ್ರಶ್ನೆ: ಬೈಕ್ ಆಕ್ಸಿಡೆಂಟ್‌ನಲ್ಲಿ ತಮ್ಮನ ಮೊಣಕಾಲ ಕೆಳಗಿನ ಮೂಳೆ ಮುರಿದು ರಾಡ್ ಹಾಕಿದ್ದರು. ಎಂಟು ತಿಂಗಳಾದರೂ ಕೀವು ನಿಂತಿಲ್ಲ. ಕಲ್ಚರ್ ರಿಪೋರ್ಟಿನಲ್ಲಿ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಎಂಆರ್‌ಎಸ್‌ಎ, ಅಂದರೆ ಹಲವು ಆಂಟಿಬಯೋಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾ, ಅಂತ ಬಂದಿದೆ. ಔಷಧಿ ತುಂಬಿದ ಜೆಲ್ ಮೂಳೆಗೇ ಹಾಕಿದರೆ ಆಪರೇಷನ್ ಬೇಕಾಗಲ್ಲವಂತೆ, ಹೌದಾ?
- ಓದುಗರು, ದಾವಣಗೆರೆ

ಉತ್ತರ: ಇಲ್ಲ, ಆಪರೇಷನ್ ತಪ್ಪುವುದಿಲ್ಲ. ಜೆಲ್ ನಂಬಿಕೊಂಡು ಅದನ್ನು ಮುಂದೂಡಿದರೆ ಕಾಲಿಗೇ ಕುತ್ತು, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಹೀಗೆ ತಿಂಗಳುಗಟ್ಟಲೆ ಕೀವು ಸುರಿಯುವ ಮೂಳೆಯಲ್ಲಿ ಸಾಮಾನ್ಯವಾಗಿ ಒಂದಷ್ಟು ಭಾಗ ಸತ್ತಿರುತ್ತದೆ. ಅಲ್ಲಿಗೆ ರಕ್ತ ಹೋಗುವುದಿಲ್ಲ. ರಕ್ತವೇ ಹೋಗದ ಕಡೆ ಡ್ರಿಪ್‌ನಲ್ಲಿ ಕೊಟ್ಟ ವ್ಯಾಂಕೋಮೈಸಿನ್‌ನಂಥ ಆಂಟಿಬಯೋಟಿಕ್ ಹೇಗೆ ಹೋಗುತ್ತದೆ ಹೇಳಿ? ಜೊತೆಗೆ ಬ್ಯಾಕ್ಟೀರಿಯಾ ರಾಡಿನ ಮೇಲೆ ಲೋಳೆ ಪದರ ಕಟ್ಟಿಕೊಂಡು ಕೂತಿರುತ್ತವೆ, ಕಲ್ಯಾಣಿ ಮೆಟ್ಟಿಲ ಪಾಚಿ ಥರ, ನೀರು ಸುರಿದರೆ ಹೋಗಲ್ಲ, ಉಜ್ಜಲೇಬೇಕು. ಆ ಪದರದೊಳಗೆ ಅವು ಸಾಯಬೇಕಾದರೆ ಔಷಧಿ ನೂರಾರು ಪಟ್ಟು ಜಾಸ್ತಿ ಬೇಕಾಗಬಹುದು. ಅಷ್ಟನ್ನು ರಕ್ತಕ್ಕೆ ಕೊಟ್ಟರೆ ಕಿಡ್ನಿ ತಡೆಯುವುದಿಲ್ಲ.

ಜೆಲ್ ಕೆಲಸಕ್ಕೆ ಬರುವುದು ಇಲ್ಲೇ. ಕಾಮಕಸ್ತೂರಿ ಬೀಜ ನೆನೆಸಿದರೆ ಸುತ್ತ ಲೋಳೆ ಉಬ್ಬುತ್ತದಲ್ವಾ, ಹೈಡ್ರೋಜೆಲ್ ಅಂದರೆ ಅಂಥದ್ದೇ, ನೀರು ಹಿಡಿದಿಟ್ಟುಕೊಂಡ ಜಾಲ. ಅದರಲ್ಲಿ ಔಷಧಿ ಕಲಸಿ ಹಚ್ಚಿದರೆ ಬೇಕಾದ ಜಾಗದಲ್ಲಿ ಬೇಕಾದಷ್ಟು ಸಿಗುತ್ತದೆ, ರಕ್ತಕ್ಕೆ ಸೇರುವುದು ಕಡಿಮೆ. ಔಷಧಿ ಬೆರೆಸಿದ ಸಿಮೆಂಟ್ ಮಣಿಗಳನ್ನಾದರೆ ಸಾಮಾನ್ಯವಾಗಿ ಮತ್ತೆ ಕೊಯ್ದು ತೆಗೆಯಬೇಕು. ಇಂಥ ಜೆಲ್ ತಾನೇ ಕರಗುತ್ತದೆ.

ಆದರೆ ಜೆಲ್ ಹಚ್ಚುವ ಮೊದಲು ನಾವು ಸತ್ತ ಮೂಳೆಯನ್ನು ಕೆತ್ತಿ ತೆಗೆಯುತ್ತೇವೆ. ಅದು ಬೆಳ್ಳಗೆ, ಒಣಗಿದ ಹಾಗಿರುತ್ತದೆ. ಕೆತ್ತುತ್ತಾ ಹೋದಂತೆ ಒಂದು ಕಡೆ ಸಣ್ಣ ಸಣ್ಣ ಚುಕ್ಕೆಯಾಗಿ ರಕ್ತ ಜಿನುಗುತ್ತದೆ. ಜೀವ ಇರುವ ಮೂಳೆ ಸಿಕ್ಕಿತು ಅಂತ ಗೊತ್ತಾಗುವುದು ಆಗಲೇ. ಇಷ್ಟು ಮಾಡದೆ ಸುಮ್ನೆ ಜೆಲ್ ಮೆತ್ತಿದರೆ ಪ್ರಯೋಜನವಿಲ್ಲ.

ಯುರೋಪಿನ ಐದು ಆಸ್ಪತ್ರೆಗಳ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಚರ್ಮ ಒಡೆಯದ ಮುರಿತಕ್ಕೆ ಆಪರೇಷನ್ ಆದ 256 ಜನ ಅದರಲ್ಲಿದ್ದರು. ಜೆಲ್ ಇಲ್ಲದವರಲ್ಲಿ ಆರು ಜನಕ್ಕೆ ಸೋಂಕು ತಗುಲಿತು, ಜೆಲ್ ಹಚ್ಚಿದವರಲ್ಲಿ ಒಬ್ಬರಿಗೂ ಇಲ್ಲ. ನನಗೆ ತುಂಬಾ ಖುಷಿ ಕೊಟ್ಟ ಫಲಿತಾಂಶ. ಆದರೆ ಅದು ಸೋಂಕು ಬಾರದಂತೆ ತಡೆದದ್ದು, ಬಂದದ್ದನ್ನು ವಾಸಿ ಮಾಡಿದ್ದಲ್ಲ. ಬ್ಯಾಕ್ಟೀರಿಯಾದ ಗೋಡೆಯನ್ನೇ ಕತ್ತರಿಸುವ ಲೈಸೋಸ್ಟಾಫಿನ್ ಎಂಬ ಕಿಣ್ವ ತುಂಬಿದ ಜೆಲ್ ಕೂಡ ಇದೆ. 2018ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದವರು ವರದಿ ಮಾಡಿದ ಪ್ರಯೋಗದಲ್ಲಿ ಅದು ಸೋಂಕು ನಿವಾರಿಸಿ ಮುರಿದ ಮೂಳೆಯನ್ನೂ ಕೂಡಿಸಿತು, ಆದರೆ ಇಲಿಗಳಲ್ಲಿ.

ನಿಮ್ಮ ತಮ್ಮ ಬೀಡಿ ಸಿಗರೇಟು ಸೇದುತ್ತಿದ್ದರೆ ಇವತ್ತೇ ಬಿಡಿಸಿ. ಮಾತ್ರೆ ಅರ್ಧಕ್ಕೆ ನಿಲ್ಲಿಸಬೇಡಿ. ಆ ಕಲ್ಚರ್‌ಗೆ ಸ್ಯಾಂಪಲ್ ಎಲ್ಲಿಂದ ತೆಗೆದರು ಅಂತಲೂ ಡಾಕ್ಟರನ್ನು ಕೇಳಿ. ಚರ್ಮದ ಮೇಲಿನ ಕೀವು ಒರೆಸಿ ತೆಗೆದದ್ದಾದರೆ ಅಷ್ಟನ್ನೇ ನಂಬುವಂತಿಲ್ಲ, ಆಪರೇಷನ್ ಮಾಡುವಾಗ ಒಳಗಿನ ಮೂಳೆಯ ಚೂರುಗಳನ್ನೇ ಕಳಿಸಬೇಕು.