ರೇಸ್ ಕುದುರೆಗೆ ‘ಥರೋಬ್ರೆಡ್’ ಅಂತ ಯಾಕೆ ಹೆಸರು? ‘ಶುದ್ಧ ತಳಿ’ ಅಂತಲೇ ಅರ್ಥವೇ?

ಮೊದಲಿಗೆ, ಬೇಕರಿ ಬ್ರೆಡ್ಡಿಗೂ ಇದಕ್ಕೂ ಸಂಬಂಧವಿಲ್ಲ! ಇಲ್ಲಿನ ‘ಬ್ರೆಡ್’ ಎಂದರೆ ಸಾಕಿ ಬೆಳೆಸಿದ್ದು. ‘ಥರೋ’ ಎಂದರೆ ಪೂರ್ತಿಯಾಗಿ. ಒಟ್ಟಿನಲ್ಲಿ ‘ಚೆನ್ನಾಗಿ ನೋಡಿ ಬೆಳೆಸಿದ ತಳಿ’ ಅಂದುಕೊಳ್ಳಿ.

ಆದರೆ ಈಗ ಅದು ಒಂದು ನಿರ್ದಿಷ್ಟ ತಳಿಯ ಹೆಸರು. ರಾಜಸ್ಥಾನದ ಅಪ್ಪಟ ಮಾರ್ವಾಡಿ ಕುದುರೆಯೂ ಶುದ್ಧ ತಳಿಯೇ, ಆದರೆ ಥರೋಬ್ರೆಡ್ ಅಲ್ಲ. ನಮ್ಮ ಬೆಂಗಳೂರಿನ ರೇಸ್‌ಕೋರ್ಸ್ ಮೈದಾನದಲ್ಲಿ ಓಡುವವು ಥರೋಬ್ರೆಡ್‌ಗಳು.

ತಮಾಷೆ ಏನೆಂದರೆ, ಈ ತಳಿ ಹುಟ್ಟಿದ್ದೇ ಮಿಶ್ರಣದಿಂದ. 17-18ನೇ ಶತಮಾನದಲ್ಲಿ ಇಂಗ್ಲೆಂಡಿನವರು ಪೂರ್ವದ ನಾಡುಗಳಿಂದ ಗಂಡು ಕುದುರೆಗಳನ್ನು ತಂದು ಅಲ್ಲಿನ ಹೆಣ್ಣು ಕುದುರೆಗಳ ಜೊತೆ ಸೇರಿಸಿದರು. ಮೂರು ಗಂಡುಗಳು ಮುಖ್ಯ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಹೆಸರಿಟ್ಟ ರೀತಿ ನೋಡಿ, ಮೊದಲು ಯಜಮಾನನ ಹೆಸರು, ಆಮೇಲೆ ಕುದುರೆಯ ಮೂಲ. ಡಾರ್ಲಿಯವರ ಕುದುರೆ 1704ರಲ್ಲಿ ಸಿರಿಯಾದ ಅಲೆಪ್ಪೊದಿಂದ ಬಂದದ್ದು. ಇಂದಿನ ಪ್ರತಿ ಥರೋಬ್ರೆಡ್‌ನ ಅಪ್ಪ, ಅಜ್ಜ, ಮುತ್ತಜ್ಜ ಅಂತ ಹಿಂದೆ ಹೋದರೆ ಈ ಮೂರರಲ್ಲಿ ಒಂದಕ್ಕೇ ತಲುಪುತ್ತೀರಿ, ಜಾಸ್ತಿ ಡಾರ್ಲಿಗೇ.

ಹಾಗಾದರೆ ‘ಶುದ್ಧ’ ಎಲ್ಲಿಂದ ಬಂತು? ದಾಖಲೆಯಿಂದ. 1791ರಲ್ಲಿ ಇಂಗ್ಲೆಂಡಿನಲ್ಲಿ ಜನರಲ್ ಸ್ಟಡ್ ಬುಕ್ ಎಂಬ ವಂಶಾವಳಿ ಪುಸ್ತಕ ಶುರುವಾಯಿತು. ತಂದೆತಾಯಿ ಇಬ್ಬರೂ ಇಂಥ ಪುಸ್ತಕದಲ್ಲಿ ಇಲ್ಲದಿದ್ದರೆ, ಮರಿ ಎಷ್ಟೇ ಜೋರಾಗಿ ಓಡಲಿ, ಆ ಹೆಸರು ಸಿಗದು. ನಮ್ಮ ಕುಣಿಗಲ್ ಸ್ಟಡ್ ಫಾರಂನಲ್ಲಿ (ಕುದುರೆ ತಳಿ ಬೆಳೆಸುವ ಕೇಂದ್ರ) ಹುಟ್ಟಿದ ಮರಿಗೂ ಅದೇ ಲೆಕ್ಕ.