ಒಳಹೋಗುವ ಬಾಗಿಲು ಕಂಡಿತು, ಹೊರಬರುವುದು ಎಲ್ಲಿಂದ?

ಹೊಸ ಜಾಲತಾಣ, ಗ್ಯಾಜೆಟ್, ಆನ್‌ಲೈನ್ ಸೇವೆಗಳ ಕುರಿತು ಬಂದ ಪ್ರಶ್ನೆಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ‘ಅತ್ಯುತ್ತಮ ಹತ್ತು ಆ್ಯಪ್‌ಗಳನ್ನು ಹೆಸರಿಸಿ’ ಎಂದು ಕೇಳಿದವರು ಕ್ಷಮಿಸಬೇಕು. ಅಂಥ ಪಟ್ಟಿ ನಿಮ್ಮ ಕೈಸೇರುವ ಹೊತ್ತಿಗೆ ಹಳತಾಗಿರುತ್ತದೆ.

ಪ್ರಶ್ನೆ: ಹುಡುಕುಯಂತ್ರದಲ್ಲಿ ಏನೇ ಟೈಪ್ ಮಾಡಿದರೂ ಅದೇ ನಾಲ್ಕೈದು ದೊಡ್ಡ ತಾಣಗಳು, ಅವುಗಳ ತಲೆಯ ಮೇಲೆ ಜಾಹೀರಾತುಗಳು. ನಿಜಕ್ಕೂ ಉಪಯೋಗಕ್ಕೆ ಬರುವ ಹೊಸ ತಾಣಗಳನ್ನು ನೀವೆಲ್ಲ ಎಲ್ಲಿಂದ ಹೆಕ್ಕಿ ತರುತ್ತೀರಿ? (ನಿವೃತ್ತ ಶಿಕ್ಷಕಿ)

ಉತ್ತರ: ನಿಮ್ಮ ಬೇಸರ ನನಗೂ ಇದೆ. ವೆಬ್ ಇನ್ನೂ ಚಿಕ್ಕದಿದ್ದಾಗ ಈ ಹೆಕ್ಕುವ ಕೆಲಸವನ್ನು ಮನುಷ್ಯರೇ ಮಾಡುತ್ತಿದ್ದರು. 1994ರಲ್ಲಿ ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೊ ಎಂಬ ಇಬ್ಬರು ವಿದ್ಯಾರ್ಥಿಗಳು ತಮಗೆ ಹಿಡಿಸಿದ ತಾಣಗಳ ಪಟ್ಟಿ ಮಾಡಲು ಕುಳಿತರು. ಅದೇ ಬೆಳೆದು ಯಾಹೂ ಆಯಿತು. ವಿಷಯವಾರು ಜೋಡಿಸಿದ್ದ ಆ ಪಟ್ಟಿಯನ್ನು 2014ರ ಕೊನೆಯಲ್ಲಿ ಮುಚ್ಚಿದರು. ಪಟ್ಟಿ ಹೋಯಿತು, ಆದರೆ ಪಟ್ಟಿ ಮಾಡುವ ಗೀಳಿನ ಜನ ಎಲ್ಲಿಗೂ ಹೋಗಿಲ್ಲ. ಅವರು ಎಲ್ಲಿ ಕುಳಿತಿದ್ದಾರೆಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ನಾನು ಮೊದಲು ಹೋಗುವುದು ವಿಕಿಪೀಡಿಯ ಪುಟದ ತಳಕ್ಕೆ. ಲೇಖನ ಓದಿದೊಡನೆ ಪುಟ ಮುಚ್ಚುವುದು ಎಲ್ಲರ ರೂಢಿ. ಆದರೆ ಕೆಳಗಿನ ಉಲ್ಲೇಖಗಳಲ್ಲಿ, ಬಾಹ್ಯ ಕೊಂಡಿಗಳಲ್ಲಿ ಹುಡುಕುಯಂತ್ರದ ಮೊದಲ ಪುಟವನ್ನು ಎಂದೂ ಮುಟ್ಟದ ಎಷ್ಟೋ ಸಂಗ್ರಹಗಳು ಸದ್ದಿಲ್ಲದೆ ಸಾಲಾಗಿ ಕುಳಿತಿರುತ್ತವೆ. ಹಕ್ಕಿಯೊಂದರ ಬಗ್ಗೆ ಓದುತ್ತಾ ಹಾಗೆ ಕೆಳಗಿಳಿದಾಗಲೇ ನನಗೆ ಝೆನೊ-ಕ್ಯಾಂಟೊ ಸಿಕ್ಕಿದ್ದು. ಜಗತ್ತಿನ ಹಕ್ಕಿಗಳ ಕೂಗನ್ನು ಆಸಕ್ತರೇ ಧ್ವನಿಮುದ್ರಿಸಿ ಕೂಡಿಡುತ್ತಿರುವ ತಾಣ ಅದು. ಆ ರಾತ್ರಿ ನಾನು ಬೇರೆ ಕೆಲಸ ಮಾಡಲಿಲ್ಲ.

ಗೊತ್ತಿರುವ ಒಂದು ತಂತ್ರಾಂಶ ಹಿಡಿಸುತ್ತಿಲ್ಲವೆಂದರೆ ಆಲ್ಟರ್ನೇಟಿವ್‌ಟು ಎಂಬ ತಾಣದಲ್ಲಿ ಅದರ ಹೆಸರು ಕೊಡಿ. ಅದೇ ಕೆಲಸದ ಬೇರೆ ತಂತ್ರಾಂಶಗಳನ್ನು ತೋರಿಸುತ್ತದೆ. ಉಚಿತವಾದವು, ಮುಕ್ತ ಆಕರದವು (ಒಳಗಿನ ಸಂಕೇತವನ್ನು ಯಾರು ಬೇಕಾದರೂ ನೋಡಬಹುದಾದವು) ಎಂದು ಸೋಸಿಕೊಳ್ಳಲೂಬಹುದು. ಇನ್ನು 2013ರಲ್ಲಿ ಶುರುವಾದ ಪ್ರಾಡಕ್ಟ್ ಹಂಟ್‌ನಲ್ಲಿ ದಿನವೂ ಹೊಸ ಸೇವೆಗಳು ಮತಕ್ಕೆ ನಿಲ್ಲುತ್ತವೆ. ಅಲ್ಲಿನ ಮತ ಆ ದಿನದ ಉತ್ಸಾಹದ ಅಳತೆಯಷ್ಟೆ. ಹಾಗಾಗಿ ನಾನು ಇಂದು ಗೆದ್ದವರನ್ನು ಬಿಟ್ಟು, ಹೋದ ವರ್ಷ ಗೆದ್ದವರನ್ನು ತೆರೆದು ನೋಡುತ್ತೇನೆ. ಅವರಲ್ಲಿ ಇನ್ನೂ ಉಸಿರಾಡುತ್ತಿರುವವರು ಯಾರು ಎಂಬುದು ನನ್ನ ಕುತೂಹಲ.

ತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ತರಿಸಿಕೊಡುವ ಆರ್‌ಎಸ್‌ಎಸ್ ಎಂಬ ವ್ಯವಸ್ಥೆಯನ್ನು ಮರೆಯಬೇಡಿ. 2013ರ ಜುಲೈ 1ರಂದು ಅದನ್ನು ಓದಲು ಬಳಸುತ್ತಿದ್ದ ಗೂಗಲ್ ರೀಡರ್ ಮುಚ್ಚಿದಾಗ ಅದರ ಜೊತೆಗೇ ಆರ್‌ಎಸ್‌ಎಸ್ ಕತೆಯೂ ಮುಗಿಯಿತು ಎಂದುಕೊಂಡವರು ಬಹಳ. ಮುಗಿದಿಲ್ಲ. ಫೀಡ್ಲಿ, ಇನೊರೀಡರ್, ಇಮೇಲ್ ನೋಡುವ ಥಂಡರ್‌ಬರ್ಡ್ ಕೂಡ ಅದನ್ನು ಓದುತ್ತವೆ. ನಿಮಗೆ ನಂಬಿಕೆಯಿರುವ ನಾಲ್ವರ ತಾಣಗಳ ವಿಳಾಸ ಕೊಟ್ಟಿಟ್ಟರೆ ಅವರು ಬರೆದದ್ದು ಬರೆದ ಕ್ರಮದಲ್ಲೇ ಬರುತ್ತದೆ, ನಡುವೆ ಯಾರೂ ಕೈಯಾಡಿಸುವುದಿಲ್ಲ.

ಸಿಕ್ಕ ತಾಣ ಹೊಸದು, ಹೆಸರು ಕೇಳಿಲ್ಲ ಎಂದಾಗ ನಾನು ಅದರ ಜಾತಕ ನೋಡುತ್ತೇನೆ. ಜಾಲತಾಣಗಳ ಹೆಸರಿನ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಹುಡುಕು ಪುಟದಲ್ಲಿ ವಿಳಾಸ ಕೊಟ್ಟರೆ ಆ ಡೊಮೈನ್, ಅಂದರೆ ತಾಣದ ಹೆಸರು, ನೋಂದಣಿಯಾದ ದಿನಾಂಕ ಸಾಮಾನ್ಯವಾಗಿ ಸಿಗುತ್ತದೆ. ‘ಇಪ್ಪತ್ತು ವರ್ಷಗಳ ವಿಶ್ವಾಸ’ ಎಂದು ದಪ್ಪಕ್ಷರದಲ್ಲಿ ಬರೆದುಕೊಂಡ ತಾಣದ ನೋಂದಣಿ ಎರಡು ತಿಂಗಳ ಹಿಂದಿನದಾಗಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಹಳೆಯ ತಾಣವಾದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಅದರ ಹಿಂದಿನ ರೂಪಗಳನ್ನು ನೋಡಬಹುದು. ಅಲ್ಲಿ 1996ರಿಂದೀಚೆಗಿನ ವೆಬ್ ಪುಟಗಳ ಪ್ರತಿಗಳಿವೆ. ನಾನು ನೋಡುವುದು ಶುಲ್ಕದ ಪುಟವನ್ನು. ಹಿಂದೆ ಉಚಿತವಿದ್ದದ್ದು ಯಾವಾಗ, ಹೇಗೆ ಕುಗ್ಗುತ್ತಾ ಬಂತು ಎಂಬುದು ಅಲ್ಲಿ ಬಚ್ಚಿಡಲಾಗದಂತೆ ಬಿದ್ದಿರುತ್ತದೆ.

ಪ್ರಶ್ನೆ: ಎರಡು ಪಿಡಿಎಫ್‌ಗಳನ್ನು ಜೋಡಿಸಲು ಒಂದು ಉಚಿತ ತಾಣಕ್ಕೆ ಹಾಕಿದೆ. ಕೆಲಸ ಕ್ಷಣದಲ್ಲಿ ಆಯಿತು. ಆಮೇಲೆ ಭಯ ಶುರುವಾಯಿತು, ಅದರಲ್ಲಿ ನನ್ನ ಗುರುತಿನ ಚೀಟಿಯ ಪ್ರತಿಯೂ ಇತ್ತು! (ಉದ್ಯೋಗ ಹುಡುಕುತ್ತಿರುವ ಯುವಕ)

ಉತ್ತರ: ಹೋದದ್ದನ್ನು ಹಿಂದಕ್ಕೆ ಎಳೆದುಕೊಳ್ಳಲಾಗದು. ತಾಣದಲ್ಲಿ ‘ಅಳಿಸು’ ಗುಂಡಿ ಇದ್ದರೆ ಈಗಲೇ ಒತ್ತಿ. ಅದು ನಿಜವಾಗಿ ಅಳಿಸಿತೇ ಎಂದು ತಿಳಿಯುವ ದಾರಿ ನಿಮಗಾಗಲಿ ನನಗಾಗಲಿ ಇಲ್ಲ.

ಮುಂದಿನ ಸಲಕ್ಕೆ ಒಂದು ಪರೀಕ್ಷೆ ಹೇಳಿಕೊಡುತ್ತೇನೆ. ಇಂಥ ತಾಣಗಳಲ್ಲಿ ಎರಡು ಬಗೆ. ಒಂದು, ನಿಮ್ಮ ಫೈಲನ್ನು ತನ್ನ ಸರ್ವರ್‌ಗೆ ಒಯ್ದು ಅಲ್ಲಿ ಕೆಲಸ ಮಾಡಿ ಮರಳಿಸುವುದು. ಇನ್ನೊಂದು, ಕೆಲಸದ ಸಲಕರಣೆಯನ್ನೇ ನಿಮ್ಮ ಬ್ರೌಸರ್‌ಗೆ ಇಳಿಸಿ ಅಲ್ಲೇ ಮಾಡಿಮುಗಿಸುವುದು. ಹೊರನೋಟಕ್ಕೆ ಎರಡೂ ಒಂದೇ. ಬ್ರೌಸರಿನ ಖಾಸಗಿ (ಇನ್‌ಕಾಗ್ನಿಟೊ) ಕಿಟಕಿಯಲ್ಲಿ ತಾಣ ತೆರೆಯಿರಿ, ಪುಟ ಪೂರ್ತಿ ಬರಲಿ. ಈಗ ವೈಫೈ, ಮೊಬೈಲ್ ಡೇಟಾ ಎರಡನ್ನೂ ಆಫ್ ಮಾಡಿ. ಬಳಿಕ ಗುಟ್ಟಿಲ್ಲದ ಒಂದು ಫೈಲ್ ಕೊಡಿ. ಇಂಟರ್ನೆಟ್ ಇಲ್ಲದೆಯೂ ಕೆಲಸ ಮುಗಿದರೆ ಅದು ನಡೆದದ್ದು ನಿಮ್ಮ ಯಂತ್ರದಲ್ಲೇ. ಚಕ್ರ ಸುತ್ತುತ್ತಾ ನಿಂತರೆ ಫೈಲ್ ಹೊರಗೆ ಹೋಗಲು ಕಾಯುತ್ತಿರಬಹುದು. ಪರೀಕ್ಷೆ ಗೆದ್ದ ತಾಣಕ್ಕೂ ನಿಜವಾದ ದಾಖಲೆಯನ್ನು ಸಂಪರ್ಕ ಆಫ್ ಮಾಡಿಯೇ ಕೊಡಿ, ಆ ಕಿಟಕಿ ಮುಚ್ಚಿದ ಮೇಲೆಯೇ ಮತ್ತೆ ಸಂಪರ್ಕಕ್ಕೆ ಬನ್ನಿ. ಚಿತ್ರಗಳ ಗಾತ್ರ ಇಳಿಸುವ ಸ್ಕ್ವೂಶ್ ಎರಡನೆಯ ಬಗೆಯದು, ಅದರ ಮೇಲೆ ಪ್ರಯೋಗ ಮಾಡಿ ನೋಡಿ.

ಪಿಡಿಎಫ್ ಜೋಡಿಸುವುದೇ ಆಗಾಗ ಬೀಳುವ ಕೆಲಸವಾದರೆ ಪಿಡಿಎಫ್‌ಸ್ಯಾಮ್‌ನಂಥ ತಂತ್ರಾಂಶವನ್ನು ಕಂಪ್ಯೂಟರಿನಲ್ಲೇ ಹಾಕಿಕೊಳ್ಳಿ. ಗುರುತಿನ ಚೀಟಿಯ ಪ್ರತಿಯನ್ನು ಯಾರಿಗೇ ಕಳಿಸುವಾಗಲೂ ಅದರ ಮೇಲೆ ಅಡ್ಡಲಾಗಿ, ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟದ್ದು ಎಂದು ಬರೆದು ಕಳಿಸುವ ಅಭ್ಯಾಸ ಒಳ್ಳೆಯದು.

ಪ್ರಶ್ನೆ: ಲೇಖನಗಳನ್ನು ಕೂಡಿಟ್ಟುಕೊಂಡು ಆಮೇಲೆ ಓದುವ ಸೇವೆಯೊಂದನ್ನು ಮೆಚ್ಚಿ ಗೆಳೆಯರಿಗೆಲ್ಲ ಹೇಳಿದ್ದೆ. ಅದು ಮುಚ್ಚಿತು. ಈಗ ನಾನು ಬಾಯಿ ತೆರೆದರೆ ‘ನೀನು ಹೇಳಿದ್ದು ಎಷ್ಟು ದಿನ ಬಾಳುತ್ತದೆ?’ ಎಂದು ನಗುತ್ತಾರೆ. ಶಿಫಾರಸು ಮಾಡುವುದನ್ನೇ ಬಿಟ್ಟುಬಿಡಲೇ? (ಗ್ರಂಥಪಾಲಕ)

ಉತ್ತರ: ಬಿಡಬೇಡಿ. ಅಂಥದೇ ಸೇವೆಯಾದ ಪಾಕೆಟ್ ಶುರುವಾದದ್ದು 2007ರಲ್ಲಿ. ಫೈರ್‌ಫಾಕ್ಸ್ ಬ್ರೌಸರಿನ ಮೊಝಿಲ್ಲಾ ಅದನ್ನು 2017ರಲ್ಲಿ ಕೊಂಡಿತು. ಫೈರ್‌ಫಾಕ್ಸ್‌ನ ಒಳಗೇ ಅದರ ಗುಂಡಿ ಇತ್ತು. ಅಷ್ಟು ಗಟ್ಟಿಯಾಗಿ ನೆಲೆಯೂರಿದ್ದ ಅದೂ 2025ರ ಜುಲೈನಲ್ಲಿ ಮುಚ್ಚಿತು. ಯಾವುದು ಬಾಳುತ್ತದೆ ಎಂದು ಮೊದಲೇ ಹೇಳುವುದು ನಿಮ್ಮ ಕೈಯಲ್ಲಿಲ್ಲ. ಮುಚ್ಚಿದ ದಿನ ಗೆಳೆಯರ ಕೈಯಲ್ಲಿ ಏನು ಉಳಿಯುತ್ತದೆ ಎಂಬುದನ್ನು ಮಾತ್ರ ಮೊದಲೇ ನೋಡಿ ಹೇಳಬಹುದು.

ಪಾಕೆಟ್‌ನಿಂದ ತಮ್ಮ ಸಂಗ್ರಹ ಇಳಿಸಿಕೊಂಡವರಿಗೆ ಸಿಕ್ಕಿದ್ದು ಕೊಂಡಿಗಳ ಪಟ್ಟಿ, ಲೇಖನಗಳ ಪಠ್ಯವಲ್ಲ. ಮೂಲ ತಾಣವೂ ಅಳಿದಿದ್ದರೆ ಆ ಕೊಂಡಿ ಬರೀ ಹೆಸರು. ‘ರಫ್ತು ಸೌಲಭ್ಯ ಇದೆ’ ಎಂಬ ಒಂದು ಸಾಲಿಗೆ ಎಷ್ಟು ಅರ್ಥಗಳಿರಬಹುದು ನೋಡಿ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಟಿಪ್ಪಣಿ ಬರೆದಿಡುವ ಸೇವೆಯೊಂದನ್ನು ಕಚೇರಿಯಲ್ಲಿ ಎಲ್ಲರಿಗೂ ಹಚ್ಚಿದ್ದೆ. ಬಿಡುವ ದಿನ ಬಂದಾಗ ‘ರಫ್ತು’ ಒತ್ತಿದೆ. ಬಂದದ್ದು ಒಂದೇ ಒಂದು ಫೈಲ್. ಮುನ್ನೂರಕ್ಕೂ ಹೆಚ್ಚು ಟಿಪ್ಪಣಿಗಳು ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡಿದ್ದವು. ದಿನಾಂಕವಿಲ್ಲ, ಶೀರ್ಷಿಕೆಯಿಲ್ಲ, ಚಿತ್ರಗಳಿದ್ದ ಕಡೆ ಖಾಲಿ ಚೌಕ. ಎರಡು ಭಾನುವಾರ ಕತ್ತರಿಸಿ ಬೇರ್ಪಡಿಸಿದೆವು. ಸಹೋದ್ಯೋಗಿಯೊಬ್ಬರು ಇಂದಿಗೂ ನನ್ನನ್ನು ಕಂಡರೆ ಎರಡು ಬೆರಳಿನಿಂದ ಕತ್ತರಿ ಆಡಿಸಿ ತೋರಿಸುತ್ತಾರೆ.

ಅಂದಿನಿಂದ ಯಾವ ಸೇವೆಯನ್ನೂ ಒಂದು ತಿಂಗಳು ಬಳಸದೆ ಯಾರಿಗೂ ಹೇಳುವುದಿಲ್ಲ. ಆ ತಿಂಗಳಲ್ಲಿ ಒಮ್ಮೆಯಾದರೂ ಎಲ್ಲವನ್ನೂ ಹೊರತೆಗೆದು ಬೇರೊಂದು ತಂತ್ರಾಂಶದಲ್ಲಿ ತೆರೆದು ನೋಡುತ್ತೇನೆ. ಕನ್ನಡ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂದರೆ ಅಲ್ಲಿಗೆ ಕೈಬಿಡುತ್ತೇನೆ. ಖಾತೆ ಅಳಿಸುವ ಗುಂಡಿ ಎಷ್ಟು ಒಳಗೆ ಅಡಗಿದೆ ಎಂಬುದನ್ನೂ ಹುಡುಕುತ್ತೇನೆ. ಸೇರುವುದಕ್ಕೆ ಒಂದು ಗುಂಡಿ ಇಟ್ಟು, ಬಿಡುವುದಕ್ಕೆ ಇಮೇಲ್ ಬರೆಯಿರಿ ಎನ್ನುವವರ ಬಗ್ಗೆ ನನಗೆ ಗೌರವವಿಲ್ಲ.

ಹೇಳುವ ಬಗೆಯೂ ಮುಖ್ಯ. ‘ತುಂಬಾ ಚೆನ್ನಾಗಿದೆ, ಎಲ್ಲರೂ ಹಾಕಿಕೊಳ್ಳಿ’ ಎಂದು ಗುಂಪಿಗೆ ಹೇಳಿದ ದಿನವೇ ಎಡವಟ್ಟು ಶುರು. ಯಾರಿಗೆ, ಯಾವ ಕೆಲಸಕ್ಕೆ, ಅದರ ಕೊರತೆ ಏನು, ಈ ಮೂರನ್ನೂ ಸೇರಿಸಿ ಒಬ್ಬೊಬ್ಬರಿಗೆ ಹೇಳಿ. ಕೊರತೆ ಏನೆಂದು ನಿಮಗೇ ಹೊಳೆಯದಿದ್ದರೆ ನೀವಿನ್ನೂ ಅದನ್ನು ಸಾಕಷ್ಟು ಬಳಸಿಲ್ಲ. ಗ್ರಂಥಪಾಲಕರಿಗೆ ಇದು ಹೊಸದಲ್ಲ. ಬಂದ ಓದುಗರಿಗೆಲ್ಲ ಒಂದೇ ಪುಸ್ತಕ ಕೊಡುತ್ತೀರೇನು?

ಪ್ರಶ್ನೆ: ಫೋನಿನಿಂದಲೇ ದೀಪ, ಪ್ಲಗ್ ಹತೋಟಿ ಮಾಡುವ ಸಾಧನಗಳನ್ನು ಮನೆಗೆ ತರುವ ಯೋಚನೆಯಿದೆ. ಕೊಳ್ಳುವಾಗ ಏನು ನೋಡಬೇಕು? (ಗೃಹಿಣಿ)

ಉತ್ತರ: ಪಿಡಿಎಫ್ ತಾಣಕ್ಕೆ ಹೇಳಿದ ಪರೀಕ್ಷೆಯೇ ಇಲ್ಲಿಗೂ. ಸಾಧನ ತಂದು ಜೋಡಿಸಿ, ಮರಳಿಸುವ ಅವಧಿ ಮುಗಿಯುವ ಮೊದಲು ಮನೆಯ ರೌಟರಿಗೆ ಹೊರಗಿನಿಂದ ಬರುವ ಇಂಟರ್ನೆಟ್ ತಂತಿಯನ್ನು ಕೀಳಿ. ರೌಟರ್ ಆರಿಸಬೇಡಿ, ವೈಫೈ ಇರಲಿ. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ. ಈಗ ದೀಪ ಹೊತ್ತಿಸಿ ನೋಡಿ. ಹೊತ್ತಿದರೆ ನಿಮ್ಮ ಮಾತು ಮನೆಯೊಳಗೇ ದೀಪಕ್ಕೆ ಮುಟ್ಟುತ್ತಿದೆ. ಹೊತ್ತದಿದ್ದರೆ ನಿಮ್ಮ ಕೋಣೆಯ ದೀಪ ಎಲ್ಲೋ ದೂರದ ಕಂಪನಿಯ ಸರ್ವರನ್ನು ಕೇಳಿ ಹೊತ್ತುವಂಥದ್ದು.

ಆ ಸರ್ವರ್ ಆರಿದರೆ? ರಿವಾಲ್ವ್ ಎಂಬ ಮನೆ ಹತೋಟಿಯ ಪೆಟ್ಟಿಗೆಯೊಂದಿತ್ತು. ಅದರ ಕಂಪನಿಯನ್ನು 2014ರಲ್ಲಿ ಗೂಗಲ್ ಒಡೆತನದ ನೆಸ್ಟ್ ಕೊಂಡಿತು, 2016ರ ಮೇ 15ರಂದು ಸೇವೆ ನಿಂತಿತು. ಪೆಟ್ಟಿಗೆ ಕೆಟ್ಟಿರಲಿಲ್ಲ, ಆದರೂ ಕೆಲಸಕ್ಕೆ ಬಾರದಾಯಿತು. ಪೆಬಲ್ ಕೈಗಡಿಯಾರದ ಕತೆ ಇದಕ್ಕಿಂತ ವಾಸಿ. ಕಂಪನಿ 2016ರ ಕೊನೆಯಲ್ಲಿ ಮುಚ್ಚಿದರೂ ರೆಬಲ್ ಎಂಬ ಹೆಸರಿನಲ್ಲಿ ಬಳಕೆದಾರರೇ ಸೇರಿ ಅದರ ಆನ್‌ಲೈನ್ ಸೇವೆಗಳನ್ನು ಮತ್ತೆ ಕಟ್ಟಿಕೊಂಡರು. ಎಲ್ಲ ಸಾಧನಕ್ಕೂ ಅಂಥ ಅಭಿಮಾನಿಗಳು ಸಿಗುವುದಿಲ್ಲ.

ಪೆಟ್ಟಿಗೆಯ ಮೇಲೆ ‘ಮ್ಯಾಟರ್’ ಗುರುತು ಇದೆಯೇ ನೋಡಿ. 2022ರ ಅಕ್ಟೋಬರಿನಲ್ಲಿ ಬಂದ ಈ ಸಮಾನ ಮಾನಕದಲ್ಲಿ ಸಾಧನಗಳು ಮನೆಯ ಜಾಲದಲ್ಲೇ ಪರಸ್ಪರ ಮಾತಾಡಬಲ್ಲವು, ಬೇರೆ ಬೇರೆ ಕಂಪನಿಯವೂ ಕೂಡಿಬಾಳುತ್ತವೆ. ಇನ್ನೊಂದು ಸಣ್ಣ ವಿಷಯ: ಇಂಥ ಬಲ್ಬು, ಪ್ಲಗ್ಗುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಹೊಸ ಬಲ್ಬು ಸೇರಿಕೊಳ್ಳದೆ ಹಟ ಹಿಡಿದರೆ ರೌಟರಿನಲ್ಲಿ ಆ ವೈಫೈ ಚಾಲೂ ಇದೆಯೇ ಎಂದು ಮೊದಲು ನೋಡಿ.

ಪ್ರಶ್ನೆ: ನನ್ನ ಫೋನಿನ ಬ್ಯಾಟರಿ 5,000 ಎಂಎಎಚ್, ಪವರ್ ಬ್ಯಾಂಕ್ 10,000. ಎರಡು ಸಲ ಪೂರ್ತಿ ಚಾರ್ಜ್ ಆಗಬೇಕಲ್ಲವೇ? ಒಂದೂವರೆಗೆ ಸುಸ್ತಾಗುತ್ತದೆ. ಮೋಸ ಹೋದೆನೇ? (ಕಾಲೇಜು ವಿದ್ಯಾರ್ಥಿನಿ)

ಉತ್ತರ: ಇಲ್ಲ, ನಿಮ್ಮದು ಪ್ರಾಮಾಣಿಕ ಪವರ್ ಬ್ಯಾಂಕ್! ಒಳಗಿನ ಕೋಶಗಳ ವೋಲ್ಟೇಜ್ ಸುಮಾರು 3.7. ಹತ್ತು ಸಾವಿರ ಎಂಎಎಚ್ ಎಂಬುದು ಆ ವೋಲ್ಟೇಜಿನ ಲೆಕ್ಕ, ಅಂದರೆ 37 ವಾಟ್-ಅವರ್ ಶಕ್ತಿ. ಹೊರಬರುವಾಗ ಅದನ್ನು 5 ವೋಲ್ಟಿಗೆ ಏರಿಸಬೇಕು. 5 ವೋಲ್ಟಿನ ಲೆಕ್ಕದಲ್ಲಿ ಅದು 7,400 ಎಂಎಎಚ್, ಶಕ್ತಿ ಮಾತ್ರ ಅದೇ 37 ವಾಟ್-ಅವರ್. ಏರಿಸುವಾಗ, ತಂತಿಯಲ್ಲಿ, ಫೋನಿನೊಳಗೆ ಒಂದಿಷ್ಟು ಶಾಖವಾಗಿ ಹೋಗುತ್ತದೆ. ಚಾರ್ಜ್ ಆಗುವಾಗ ಬೆಚ್ಚಗಾಗುತ್ತದಲ್ಲ, ನಿಮ್ಮ ಲೆಕ್ಕದಲ್ಲಿ ಕಾಣೆಯಾದ ಅರ್ಧ ಚಾರ್ಜಿನ ಬಹುಪಾಲು ಅದೇ. ಪವರ್ ಬ್ಯಾಂಕಿನ ಬೆನ್ನ ಮೇಲೆ ಸೂಕ್ಷ್ಮ ಅಕ್ಷರಗಳಲ್ಲಿ ‘ರೇಟೆಡ್ ಕೆಪಾಸಿಟಿ’ ಎಂದು ಬೇರೊಂದು ಸಂಖ್ಯೆ ಇರುತ್ತದೆ. ಕೊಳ್ಳುವಾಗ ಹೋಲಿಸಬೇಕಾದದ್ದು ಅದನ್ನೇ. ವಿಮಾನದಲ್ಲಿಯೂ ಕೇಳುವುದು ವಾಟ್-ಅವರ್. ಸಾಮಾನ್ಯವಾಗಿ 100ರವರೆಗೆ ಕೈಚೀಲದಲ್ಲಿ ಒಯ್ಯಬಹುದು, ಚೆಕ್-ಇನ್ ಸಾಮಾನಿನಲ್ಲಿ ಇಡುವಂತಿಲ್ಲ.

ಪ್ರಶ್ನೆ: ಯುಎಸ್‌ಬಿ-ಸಿ ತಂತಿಗಳೆಲ್ಲ ಒಂದೇ ಅಲ್ಲವೇ? ಫೋನಿನ ಜೊತೆ ಬಂದ ತಂತಿಯಲ್ಲಿ ಹಾರ್ಡ್ ಡಿಸ್ಕಿನಿಂದ ಫೈಲ್ ಸಾಗಿಸಿದರೆ ಆಮೆ ನಡೆ. (ಛಾಯಾಗ್ರಾಹಕ)

ಉತ್ತರ: ಯುಎಸ್‌ಬಿ-ಸಿ ಎಂಬುದು ತುದಿಯ ಆಕಾರದ ಹೆಸರು, ವೇಗದ್ದಲ್ಲ. ಫೋನಿನ ಜೊತೆ ಬರುವ ಬಹುಪಾಲು ತಂತಿಗಳೊಳಗೆ ಇರುವುದು ಹಳೆಯ ಯುಎಸ್‌ಬಿ 2.0. ಅದರ ಗರಿಷ್ಠ ಮಿತಿ ಸೆಕೆಂಡಿಗೆ 480 ಮೆಗಾಬಿಟ್, ಯುಎಸ್‌ಬಿ 3.0ರ ಮಿತಿ 5 ಗಿಗಾಬಿಟ್. 10 ಜಿಬಿ ಚಿತ್ರಗಳನ್ನು ಸಾಗಿಸಿ ಗಡಿಯಾರ ನೋಡಿ. ಐದು ನಿಮಿಷದ ಆಸುಪಾಸಿನಲ್ಲಿದ್ದರೆ ತಂತಿಯ ಮೇಲೆ ಅನುಮಾನಪಡಿ. ಡಿಸ್ಕಿನ ಜೊತೆಗೇ ಬಂದ ತಂತಿ ಯಾವುದೋ ಡ್ರಾಯರಿನಲ್ಲಿ ಇದ್ದೇ ಇರುತ್ತದೆ. ಹುಡುಕಿ, ಅದೇ ಫೈಲುಗಳನ್ನು ಮತ್ತೊಮ್ಮೆ ಸಾಗಿಸಿ ನೋಡಿ. ಸಿಕ್ಕಿದ ಮೇಲೆ ತಂತಿಯ ಕುತ್ತಿಗೆಗೆ ಒಂದು ಬಣ್ಣದ ಪಟ್ಟಿ ಸುತ್ತಿಡಿ, ಮುಂದಿನ ಸಲ ಮತ್ತದೇ ಗೊಂದಲ ಬೇಡ.